ಎಕ್ಸ್‌ಪೈರಿ ಡೇಟ್ ಒರೆಸಿದರೆ ಹೋಗುತ್ತಾ?
ನೀರಿನ ಬಾಟಲಿ ಮೇಲೆ ಚುಕ್ಕಿ ಚುಕ್ಕಿಯಾಗಿ ದಿನಾಂಕ ಇರುತ್ತಲ್ಲ, ಅದನ್ನು ಹೆಚ್ಚಾಗಿ ಹಾಕೋದು ಕಂಟಿನ್ಯೂಯಸ್ ಇಂಕ್‌ಜೆಟ್ ಯಂತ್ರ. ಸೆಕೆಂಡಿಗೆ ಹತ್ತಾರು ಸಾವಿರ ಹನಿ ಹಾರುತ್ತವೆ. ವಿದ್ಯುದಂಶ ಪಡೆದವು ಬಾಗಿ ಬಾಟಲಿಗೆ ಬೀಳುತ್ತವೆ, ಉಳಿದವು ವಾಪಸ್ ಟ್ಯಾಂಕಿಗೆ. ಬಿ.ಕಾಂ ಓದಿದ ನನಗೆ ಈ ಉಳಿತಾಯ ಬಹಳ ಹಿಡಿಸ್ತು!

ಬಾಟಲಿ ಓಡ್ತಾ ಇರುವಾಗಲೇ ಶಾಯಿ ಒಣಗಬೇಕು. ಅದಕ್ಕೇ ಅದರಲ್ಲಿ ಎಂಇಕೆ ಅನ್ನೋ, ಬೇಗ ಆವಿಯಾಗುವ ದ್ರಾವಕ ಬಳಸ್ತಾರೆ. ಒಂದೆರಡು ಸೆಕೆಂಡ್ ಸಾಕು. ತೊಂದರೆಯೂ ಅಲ್ಲೇ ಇದೆ ನೋಡಿ: ಒಣಗಿದ ಮೇಲೂ ಅಂಥದ್ದೇ ದ್ರಾವಕ ತಾಗಿದರೆ ಶಾಯಿ ಮತ್ತೆ ಕರಗುತ್ತೆ. ಹಳೇ ದಿನಾಂಕ ಒರೆಸಿ ಹೊಸದು ಒತ್ತೋ ಮೋಸಕ್ಕೆ ಇದೇ ದಾರಿ.

ಯುವಿ ಬೆಳಕಿಗೆ ಗಟ್ಟಿಯಾಗುವ ಶಾಯಿ ಅಷ್ಟು ಸುಲಭಕ್ಕೆ ಕರಗಲ್ಲ. ಲೇಸರ್ ಅಂತೂ ಪ್ಲಾಸ್ಟಿಕ್ಕನ್ನೇ ಕೆತ್ತುತ್ತೆ. ಲೇಬಲ್ ಬರಹ ಅಳಿಸುವಂತಿರಬಾರದು ಅಂತ ಎಫ್‌ಎಸ್‌ಎಸ್‌ಎಐ ನಿಯಮವೇ ಇದೆ. ಮಕ್ಕಳ ಹಾಲಿನ ಪುಡಿ ಡಬ್ಬಕ್ಕಾದರೂ ಇವು ಬರಲಿ ಅನ್ನೋದು ನನ್ನ ವಾದ. ಅಲ್ಲೀವರೆಗೆ, ದಿನಾಂಕದ ಸುತ್ತ ಮಸಿ ಹರಡಿದ್ದರೆ ಅದನ್ನು ತಗೋಬೇಡಿ.