ಹುಳದ ಮನೆತನ ತಿಳಿದರೆ ಹತೋಟಿಯ ಕಾಲ ತಿಳಿಯುತ್ತದೆ



ಮುಂಗಾರಿನ ಮೊದಲ ಹದ ಮಳೆಗಳು ಬಿದ್ದ ಮೇಲೆ ಸಂಜೆಯ ಹೊತ್ತು ದೀಪಕ್ಕೆ ಬಿಳಿ ರೆಕ್ಕೆಯ ಪತಂಗಗಳು ಬಂದು ಮುತ್ತುವುದನ್ನು ತಾವೆಲ್ಲರೂ ನೋಡಿದ್ದೀರಿ. ಕಾಟ ತಾಳದೆ ದೀಪ ಆರಿಸಿ ಮಲಗುತ್ತೇವೆ. ಮುಂದೆ ಕೆಲವು ವಾರಗಳಲ್ಲಿ ಶೇಂಗಾ ಹೊಲದ ತುಂಬ ಕಂಬಳಿಹುಳು ಕಂಡಾಗ ಔಷಧಿ ಅಂಗಡಿಗೆ ಓಡುತ್ತೇವೆ. ಅಂದು ದೀಪಕ್ಕೆ ಬಂದ ಪತಂಗವೇ ಇಂದಿನ ಹುಳುವಿನ ತಾಯಿ ಎಂಬುದು ನೆನಪಿಗೆ ಬರುವುದಿಲ್ಲ.

ನಾನು ಇಲಾಖೆಗೆ ಸೇರಿದ ಹೊಸದರಲ್ಲಿ ಯಲಬುರ್ಗಾ ತಾಲ್ಲೂಕಿನ ಒಂದು ಹಳ್ಳಿಯಿಂದ ಕರೆ ಬಂದಿತ್ತು. ಹೋಗಿ ನೋಡಿದರೆ ಮಸಾರಿ ಹೊಲದ ಶೇಂಗಾ ಬೆಳೆಯಲ್ಲಿ ಬೆರಳುದ್ದದ ಕೆಂಪು ಕಂಬಳಿಹುಳುಗಳು. ಪುಸ್ತಕದಲ್ಲಿ ಓದಿದ ಔಷಧಿಯ ಹೆಸರು ಬರೆದುಕೊಟ್ಟು ಬಂದೆ. ವಾರದ ಮೇಲೆ ಮತ್ತೆ ಹೋದಾಗ ಬಳ್ಳಿಯ ಕಡ್ಡಿಗಳು ಮಾತ್ರ ಉಳಿದಿದ್ದವು. ಔಷಧಿಗೆ ಸಾಲ ತಂದಿದ್ದ ಆ ಹಿರಿಯರು ಸಿಟ್ಟು ಮಾಡಲಿಲ್ಲ. “ಸಾಹೇಬ್ರ, ಈ ಹುಳದ ಪತಂಗ ಮಳಿ ಬಿದ್ದಾಗ ನಮ್ಮ ಲೈಟಿಗೆ ಬಂದು ಬಂದು ಬೀಳ್ತಿದ್ವು. ನೀವು ಆವಾಗ ಬರಬೇಕಿತ್ತ ನೋಡ್ರಿ” ಎಂದರು. ತಪ್ಪು ನನ್ನದು. ಹುಳುವಿನ ಹೆಸರು ನನಗೆ ಗೊತ್ತಿತ್ತು. ಅದರ ಮನೆತನದ ನಡತೆ ಗೊತ್ತಿರಲಿಲ್ಲ. ಆ ಮನೆತನದ ಪರಿಚಯವನ್ನು ತಮಗೆ ಮಾಡಿಕೊಡುವುದೇ ಈ ಲೇಖನದ ಉದ್ದೇಶ.

ಕಂಬಳಿ, ಕರಡಿ, ಹುಲಿ

ನಾವು ಈ ಹುಳುವಿಗೆ ಕಂಬಳಿ ಹೊದ್ದ ಹುಳು ಎಂದೆವು. ಯುರೋಪಿನ ವಿಜ್ಞಾನಿಗಳಿಗೆ ಅದರ ಮೈಕೂದಲು ಕಂಡು ಕರಡಿಯ ನೆನಪಾಯಿತು. ಗ್ರೀಕ್ ಭಾಷೆಯಲ್ಲಿ ಕರಡಿಗೆ ‘ಆರ್ಕ್ಟೋಸ್’ ಎನ್ನುತ್ತಾರೆ. ಅದರಿಂದಲೇ ಈ ಮನೆತನಕ್ಕೆ ‘ಆರ್ಕ್ಟಿಡೀ’ ಎಂಬ ಹೆಸರು ಬಂತು. ಕೊಪ್ಪಳ, ಗಂಗಾವತಿ ಭಾಗದ ಬಂಡೆಗುಡ್ಡಗಳಲ್ಲಿ ಕರಡಿ ಕಂಡವರಿಗೆ ಈ ಹೋಲಿಕೆ ಬೇಗ ತಿಳಿಯುತ್ತದೆ. ಇದೇ ಹುಳು ರೆಕ್ಕೆ ಪಡೆದು ಪತಂಗವಾದಾಗ ಹಲವು ಜಾತಿಗಳ ಮೈಮೇಲೆ ಕೆಂಪು, ಹಳದಿ, ಕಪ್ಪು ಪಟ್ಟೆ ಮತ್ತು ಚುಕ್ಕೆಗಳಿರುತ್ತವೆ. ಆದ್ದರಿಂದ ಇಂಗ್ಲಿಷಿನಲ್ಲಿ ಅದಕ್ಕೆ ‘ಟೈಗರ್ ಮಾತ್’, ಅಂದರೆ ಹುಲಿ ಪತಂಗ ಎಂಬ ಹೆಸರಿದೆ.

ಈ ಬಣ್ಣ ಬರಿಯ ಅಂದಕ್ಕಲ್ಲ. ‘ನನ್ನನ್ನು ತಿಂದರೆ ಕೆಟ್ಟೀಯೆ’ ಎಂದು ಹಕ್ಕಿಗಳಿಗೆ ಕೊಡುವ ಎಚ್ಚರಿಕೆ. ಸೆಣಬಿನ ಗಿಡದಲ್ಲಿ ವಿಷದ ಅಂಶವಿದೆ. ಸೆಣಬು ತಿನ್ನುವ ಹುಳು ಆ ವಿಷವನ್ನು ಮೈಯಲ್ಲೇ ಕೂಡಿಟ್ಟುಕೊಳ್ಳುತ್ತದೆ. ಪತಂಗವಾದ ಮೇಲೂ ಅದು ಉಳಿಯುತ್ತದೆ.

ವಿಜ್ಞಾನಿಗಳು ಕೀಟಗಳನ್ನು ನಮ್ಮ ಹಾಗೆಯೇ ಮನೆತನ, ಒಳಪಾಲು ಎಂದು ವಿಂಗಡಿಸುತ್ತಾರೆ. ನಮ್ಮ ದೇಶದ ಪತಂಗಗಳನ್ನು ಹೀಗೆ ಓರಣವಾಗಿ ಬರೆದಿಟ್ಟವರಲ್ಲಿ ಜಾರ್ಜ್ ಹ್ಯಾಂಪ್ಸನ್ ಪ್ರಮುಖರು. ನೀಲಗಿರಿಯಲ್ಲಿ ಚಹಾ ತೋಟ ಮಾಡಿಕೊಂಡಿದ್ದ ಇವರು ಮುಂದೆ ಲಂಡನ್ನಿನ ವಸ್ತುಸಂಗ್ರಹಾಲಯ ಸೇರಿ, 1892ರಿಂದ 1896ರ ಅವಧಿಯಲ್ಲಿ ಭಾರತದ ಪತಂಗಗಳ ಬಗ್ಗೆ ನಾಲ್ಕು ಸಂಪುಟ ಹೊರತಂದರು. ಆಗ ಹುಲಿ ಪತಂಗಗಳದು ಬೇರೆಯೇ ಒಂದು ಮನೆತನವಾಗಿತ್ತು. ಅವುಗಳ ನಂಟರನ್ನೂ ಬೇರೆ ಬೇರೆ ಮನೆತನಗಳಲ್ಲಿ ಬರೆದಿದ್ದರು.

ಇತ್ತೀಚೆಗೆ ಕೀಟಗಳ ವಂಶವಾಹಿಗಳನ್ನು ಹೋಲಿಸಿ ನೋಡುವ ವಿಧಾನ ಬಂದ ಮೇಲೆ ಈ ಲೆಕ್ಕ ಬದಲಾಗಿದೆ. 2011ರಲ್ಲಿ ಜಾಹಿರಿ ಮತ್ತು ಸಂಗಡಿಗರು ಪ್ರಕಟಿಸಿದ ಸಂಶೋಧನೆಯ ನಂತರ ಹುಲಿ ಪತಂಗಗಳನ್ನು ‘ಎರೆಬಿಡೀ’ ಎಂಬ ದೊಡ್ಡ ಮನೆತನದ ಒಂದು ಪಾಲು ಎಂದು ಎಣಿಸುವುದು ರೂಢಿಯಾಗಿದೆ. ಜಗತ್ತಿನಲ್ಲಿ ಹುಲಿ ಪತಂಗಗಳದೇ ಸುಮಾರು 11,000 ಜಾತಿಗಳಿವೆ.

‘ಹೆಸರು ಬದಲಾದರೆ ನಮಗೇನು?’ ಎಂದು ತಾವು ಕೇಳಬಹುದು. ನಮ್ಮ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳು 1997ರ ವರೆಗೆ ರಾಯಚೂರು ಜಿಲ್ಲೆಯಲ್ಲಿದ್ದವು. ಅನಂತರ ಕೊಪ್ಪಳ ಜಿಲ್ಲೆಯಾಯಿತು. ಊರು ಇದ್ದಲ್ಲೇ ಇತ್ತು, ದಾಖಲೆ ಬದಲಾಯಿತು. ಹುಳುವಿನ ವಿಷಯದಲ್ಲೂ ಹಳೆಯ ಹೆಸರು ಗೊತ್ತಿದ್ದರೆ ನಷ್ಟವಿಲ್ಲ. ಆದರೆ ಯಾವುದು ಯಾವುದರ ನಂಟು ಎಂದು ತಿಳಿದರೆ ಅದು ಎಲ್ಲಿ ಮೊಟ್ಟೆಯಿಡುತ್ತದೆ, ಎಲ್ಲಿ ಅಡಗುತ್ತದೆ, ಯಾವಾಗ ಕೈಗೆ ಸಿಗುತ್ತದೆ ಎಂಬ ಸುಳಿವು ಸಿಗುತ್ತದೆ.

ನಮ್ಮ ಹೊಲದ ನಾಲ್ಕು ಹುಲಿಗಳು

1. ಕೆಂಪು ಕಂಬಳಿಹುಳು: ಒಣಬೇಸಾಯದ ಶೇಂಗಾ ಬೆಳೆಗೆ ಇದು ದೊಡ್ಡ ಪೀಡೆ. ಅಲಸಂದಿ, ಹೆಸರು, ಸಜ್ಜೆ, ಔಡಲವನ್ನೂ ಬಿಡದು. ಪತಂಗದ ಮುಂದಿನ ರೆಕ್ಕೆ ಬಿಳಿ, ಅದರ ಮೇಲೆ ಕಂದು ಗೆರೆಗಳು, ಅಂಚಿನಲ್ಲಿ ಹಳದಿ ಪಟ್ಟಿ. ಹಿಂದಿನ ಬಿಳಿ ರೆಕ್ಕೆಯಲ್ಲಿ ಕಪ್ಪು ಗುರುತುಗಳು. ಹೆಣ್ಣು ಪತಂಗ ಎಲೆಯ ಕೆಳಗೆ ಗುಂಪು ಗುಂಪಾಗಿ 600-700 ಮೊಟ್ಟೆಗಳವರೆಗೆ ಇಡುತ್ತದೆ. ಮರಿಗಳು ಮೊದಲು ಒಟ್ಟಿಗೆ ಇದ್ದು ಎಲೆಯ ಹಸಿರನ್ನು ಕೆರೆದು ತಿನ್ನುತ್ತವೆ. ದೊಡ್ಡವಾದ ಮೇಲೆ ಚದುರಿ, ಒಂದು ಹೊಲ ಮುಗಿಸಿ ಇನ್ನೊಂದಕ್ಕೆ ದಂಡೆತ್ತಿ ಹೋಗುತ್ತವೆ. ಬೆಳೆದ ಹುಳುಗಳು ಒಡ್ಡಿನಲ್ಲಿ, ಗಿಡದ ನೆರಳಿನ ಮಣ್ಣಿನಲ್ಲಿ ನಾಲ್ಕರಿಂದ ಎಂಟು ಅಂಗುಲ ಆಳದಲ್ಲಿ ಕೋಶವಾಗಿ, ಮುಂದಿನ ವರ್ಷದ ಮಳೆಯವರೆಗೆ ಮಲಗಿರುತ್ತವೆ.

2. ಬಿಹಾರ ಕಂಬಳಿಹುಳು: ಹೆಸರು ಬಿಹಾರದ್ದಾದರೂ ನಮ್ಮ ಸೂರ್ಯಕಾಂತಿ, ಶೇಂಗಾ, ಹೆಸರು, ಹಿಪ್ಪುನೇರಳೆಯಲ್ಲೂ ಕಾಣುತ್ತದೆ. ಹುಳುವಿನ ನಡು ಹಳದಿ, ಎರಡೂ ತುದಿ ಕಪ್ಪು. ಪತಂಗದ ರೆಕ್ಕೆ ಮಾಸಲು ಹಳದಿ, ಮೇಲೆ ಕಪ್ಪು ಚುಕ್ಕೆ, ಹೊಟ್ಟೆ ಕೆಂಪು. ಇದು ವರ್ಷದಲ್ಲಿ ಹಲವು ಸಂತಾನ ಮುಗಿಸುತ್ತದೆ. ಮರಿಗಳು ಗುಂಪಾಗಿ ತಿಂದ ಎಲೆ ಜರಡಿಯಂತೆ ಕಾಣುತ್ತದೆ. ಜರಡಿಯಾದ ಎಲೆ ಕಂಡ ದಿನವೇ ಅದನ್ನು ಕಿತ್ತು ನಾಶಮಾಡಿದರೆ ನೂರಾರು ಹುಳು ಒಮ್ಮೆಲೇ ಹೋದಂತೆ.

3. ಸೆಣಬಿನ ಹುಳು: ಪತಂಗ ನೋಡಲು ಚೆಂದ, ಬಿಳಿ ರೆಕ್ಕೆಯ ಮೇಲೆ ಕೆಂಪು, ಕಪ್ಪು ಚುಕ್ಕೆ. ಹಗಲಲ್ಲೂ ಹಾರುತ್ತದೆ. ಗಂಗಾವತಿ ಕಡೆಯ ಗದ್ದೆಗಳಲ್ಲಿ ಹಸಿರೆಲೆ ಗೊಬ್ಬರಕ್ಕೆ ಸೆಣಬು ಬಿತ್ತಿ ಹೂವಾಗುವ ಹೊತ್ತಿಗೆ ಮಣ್ಣಿಗೆ ಸೇರಿಸುವವರು ಇದಕ್ಕಾಗಿ ಔಷಧಿ ಸಿಂಪಡಿಸಬೇಕಾಗಿಲ್ಲ. ಬೀಜಕ್ಕೆಂದು ಬಿಟ್ಟಿದ್ದರೆ ಮಾತ್ರ ಎಚ್ಚರವಿರಲಿ. ಹುಳು ಕಾಯಿ ಕೊರೆದು ಬೀಜ ತಿನ್ನುತ್ತದೆ.

4. ಔಡಲದ ಕಂಬಳಿಹುಳು: ಹುಳು ಕಪ್ಪು, ತಲೆ ಕೆಂಪು. ಪತಂಗದ ಮುಂದಿನ ರೆಕ್ಕೆ ಬೂದು, ಹಿಂದಿನದು ಗುಲಾಬಿ. ಹಳೆಯ ಪುಸ್ತಕದಲ್ಲಿ ‘ಪೆರಿಕ್ಯಾಲಿಯಾ’, ಹೊಸದರಲ್ಲಿ ‘ಓಲೆಪಾ’ ಎಂದಿದ್ದರೆ ಎರಡೂ ಒಂದೇ ಎಂದು ತಿಳಿಯಿರಿ.

ಹೊಸದಾಗಿ ಕೂಡಿದ ನಂಟರು

ದೊಡ್ಡ ಮನೆತನದಲ್ಲಿ ಈಗ ಹುಲಿ ಪತಂಗಗಳ ಜೊತೆ ಇನ್ನೂ ಮೂರು ಪಾಲಿನವರನ್ನು ನಾವು ಗುರುತಿಸಬೇಕು.

ಮೊದಲನೆಯದು, ಔಡಲ, ಬೋರೆ, ದಾಳಿಂಬೆ ಗಿಡಗಳಲ್ಲಿ ಕಾಣುವ ಕುಚ್ಚುಕೂದಲಿನ ಹುಳು. ಹುಲಿ ಪತಂಗದ ಹುಳುವಿಗೆ ಮೈತುಂಬ ಒಂದೇ ಸಮನಾಗಿ ಕೂದಲಿದ್ದರೆ, ಇದಕ್ಕೆ ಕುಂಚದಂತೆ ಅಲ್ಲಲ್ಲಿ ಗೊಂಚಲು. ಇದರ ಕೂದಲು ತಾಗಿದರೆ ಮೈ ಉರಿದು ದದ್ದು ಏಳುತ್ತದೆ. ಮಕ್ಕಳಿಂದ ಆರಿಸಲು ಹಚ್ಚಬೇಡಿ. ಯಾವ ಕಂಬಳಿಹುಳುವನ್ನೇ ಆಗಲಿ ಬರಿಗೈಯಿಂದ ಮುಟ್ಟದಿರುವುದೇ ಲೇಸು.

ಎರಡನೆಯದು, ಔಡಲದ ಎಲೆ ತಿನ್ನುವ, ಬೆನ್ನು ಗೂನು ಮಾಡಿ ನಡೆಯುವ ಕೊಂಡಲಿ ಹುಳು. ಮೈ ನುಣುಪು, ಕಂಬಳಿ ಇಲ್ಲ. ಆದರೂ ಇದು ಕಂಬಳಿಹುಳುವಿನ ನಂಟು.

ಮೂರನೆಯದು, ಕುಷ್ಟಗಿ, ಯಲಬುರ್ಗಾ ಭಾಗದ ದಾಳಿಂಬೆ ಬೆಳೆಗಾರರು ನೆನಪಿಡಬೇಕಾದ ಹಣ್ಣು ಹೀರುವ ಪತಂಗ. ಇದರ ಮರಿ ದಾಳಿಂಬೆಯನ್ನು ಮುಟ್ಟುವುದೇ ಇಲ್ಲ. ಅಮೃತಬಳ್ಳಿ, ದಾಗಡಿ ಬಳ್ಳಿಗಳ ಮೇಲೆ ಬೇಲಿಯಲ್ಲಿ ಬೆಳೆಯುತ್ತದೆ. ಪತಂಗವಾದ ಮೇಲೆ ರಾತ್ರಿ ತೋಟಕ್ಕೆ ಬಂದು ಗಟ್ಟಿ ಸೊಂಡಿಲಿನಿಂದ ಹಣ್ಣು ಚುಚ್ಚುತ್ತದೆ. ಚುಚ್ಚಿದ ತೂತಿನಿಂದ ಹಣ್ಣು ಕೊಳೆತು ಉದುರುತ್ತದೆ. ಹುಳು ಗಿಡದಲ್ಲಿ ಇಲ್ಲದಿರುವಾಗ ಗಿಡಕ್ಕೆ ಎಷ್ಟು ಔಷಧಿ ಹೊಡೆದರೇನು? ಬೇಲಿಯ ಆ ಬಳ್ಳಿಗಳನ್ನು ತೆಗೆಯುವುದು, ಹಣ್ಣಿಗೆ ಚೀಲ ಕಟ್ಟುವುದು, ಉದುರಿದ ಹಣ್ಣು ಆರಿಸಿ ಹೂಳುವುದು, ಸಂಜೆ ತೋಟದಲ್ಲಿ ಹೊಗೆ ಹಾಕುವುದು, ರಾತ್ರಿ ಬ್ಯಾಟರಿ ಹಿಡಿದು ಪತಂಗ ಹಿಡಿಯುವುದು, ಇವೇ ಉಪಾಯಗಳು.

ಕಂಬಳಿ ಹೊದ್ದವರೆಲ್ಲ ನಂಟರಲ್ಲ

ನುಗ್ಗೆ ಗಿಡದ ಬೊಡ್ಡೆಗೆ ಗುಂಪಾಗಿ ಅಂಟಿಕೊಳ್ಳುವ ಕಂಬಳಿಹುಳು ಈ ಮನೆತನದ್ದಲ್ಲ. ಅದು ರೇಷ್ಮೆ ಹುಳುವಿನ ದೂರದ ಬಳಗ. ವಿಚಿತ್ರವೆಂದರೆ ರೇಷ್ಮೆ ಹುಳುವಿನ ಆಹಾರವಾದ ಹಿಪ್ಪುನೇರಳೆಯನ್ನು ಹಾಳುಮಾಡುವ ಬಿಹಾರ ಕಂಬಳಿಹುಳು ರೇಷ್ಮೆಗೆ ಅಷ್ಟು ಹತ್ತಿರದ ನಂಟಲ್ಲ. ನುಗ್ಗೆಯ ಹುಳು ಹಗಲು ಬೊಡ್ಡೆಯ ಮೇಲೆ ಒಟ್ಟುಗೂಡುವುದರಿಂದ ಪಂಜು ಹಿಡಿದು ಅಲ್ಲಿಯೇ ಸುಡಬಹುದು. ಗಿಡಕ್ಕೆ ಬೆಂಕಿ ತಾಗದಂತೆ ಎಚ್ಚರ ವಹಿಸಬೇಕು.

ಕಡಲೆ, ತೊಗರಿಯ ಕಾಯಿಕೊರಕ ಮತ್ತು 2018ರಲ್ಲಿ ನಮ್ಮ ರಾಜ್ಯದಲ್ಲಿ ಮೊದಲು ಕಂಡು ಮೆಕ್ಕೆಜೋಳಕ್ಕೆ ಬಿದ್ದ ಸೈನಿಕ ಹುಳು ಮಗ್ಗುಲ ಮನೆತನವಾದ ‘ನಾಕ್ಟುಯಿಡೀ’ಗೆ ಸೇರಿದವು. ಅವುಗಳ ನಡತೆ ಬೇರೆ, ಹತೋಟಿಯೂ ಬೇರೆ. ಆ ಔಷಧಿಯನ್ನು ಇದಕ್ಕೆ, ಇದರದನ್ನು ಅದಕ್ಕೆ ಹೊಡೆದು ಹಣ ಕಳೆದುಕೊಳ್ಳಬಾರದು.

ಕೆಂಪು ಕಂಬಳಿಹುಳುವಿನ ಹತೋಟಿ: ಹೊತ್ತಿಗೆ ತಕ್ಕ ಕೆಲಸ

ಬೇಸಿಗೆಯಲ್ಲಿ: ಮಾಗಿ ಉಳುಮೆ ಆಳವಾಗಿರಲಿ. ಮಣ್ಣಿನಲ್ಲಿ ಮಲಗಿದ ಕೋಶಗಳು ಮೇಲೆ ಬಂದು ಬಿಸಿಲಿಗೆ, ಹಕ್ಕಿಗಳಿಗೆ ತುತ್ತಾಗುತ್ತವೆ. ಒಡ್ಡಿನ ಮಗ್ಗುಲು ಮತ್ತು ಗಿಡದ ನೆರಳಿನ ಜಾಗ ಮರೆಯಬಾರದು. ಕೋಶಗಳು ಹೆಚ್ಚು ಇರುವುದು ಅಲ್ಲಿಯೇ.

ಮೊದಲ ಮಳೆಗಳ ನಂತರ: ಸಂಜೆಯಿಂದಲೇ ಹೊಲದಲ್ಲಿ ದೀಪ ಹಚ್ಚಿ, ಕೆಳಗೆ ಅಗಲ ಪಾತ್ರೆಯಲ್ಲಿ ಸಾಬೂನಿನ ನೀರಿಡಿ, ಇಲ್ಲವೆ ಒಡ್ಡಿನ ಮೇಲೆ ಕಸಕಡ್ಡಿಯ ಬೆಂಕಿ ಹಾಕಿ. ಪತಂಗ ಬರುವವರೆಗೆ ಪ್ರತಿ ರಾತ್ರಿ ಮಾಡಬೇಕು. ಒಬ್ಬರೇ ಮಾಡಿದರೆ ನೆರೆಹೊಲದ ಪತಂಗ ಇತ್ತ ಬರುತ್ತದೆ. ಊರೆಲ್ಲ ಕೂಡಿ ಮಾಡಿದರೆ ಮಾತ್ರ ಫಲ.

ಬೆಳೆ ಎದ್ದ ಮೇಲೆ: ಶೇಂಗಾ ನಡುವೆ ಅಲಸಂದಿ ಅಥವಾ ಔಡಲದ ಸಾಲು ಇದ್ದರೆ ಪತಂಗ ಅಲ್ಲಿ ಮೊಟ್ಟೆಯಿಡಲು ಇಷ್ಟಪಡುತ್ತದೆ. ವಾರಕ್ಕೆ ಎರಡು ಸಲ ಆ ಸಾಲಿನ ಎಲೆಗಳ ಕೆಳಗೆ ನೋಡಿ, ಮೊಟ್ಟೆಯ ಗುಂಪು ಮತ್ತು ಮರಿಗಳಿರುವ ಎಲೆ ಕಿತ್ತು ಹೂಳಿರಿ.

ಮರಿಗಳು ಚಿಕ್ಕವಿರುವಾಗ: 5 ಕಿಲೋ ಬೇವಿನ ಬೀಜದ ತಿರುಳನ್ನು ಕುಟ್ಟಿ ರಾತ್ರಿ ನೀರಿನಲ್ಲಿ ನೆನೆಯಿಟ್ಟು, ಸೋಸಿ, ಒಟ್ಟು 100 ಲೀಟರ್ ಆಗುವಂತೆ ನೀರು ಕೂಡಿಸಿ, ಸ್ವಲ್ಪ ಸಾಬೂನು ಬೆರೆಸಿ ಸಿಂಪಡಿಸಬಹುದು.

ಹುಳು ದೊಡ್ಡದಾಗಿ ದಂಡೆತ್ತಿದಾಗ: ಹೊಲದ ಸುತ್ತ ಒಂದು ಅಡಿ ಆಳ, ಮುಕ್ಕಾಲು ಅಡಿ ಅಗಲದ, ಗೋಡೆ ನೆಟ್ಟಗಿರುವ ಕಾಲುವೆ ತೆಗೆಯಿರಿ. ಬಿದ್ದ ಹುಳುಗಳನ್ನು ಮಣ್ಣು ಮುಚ್ಚಿ ನಾಶಮಾಡಿ. ಈ ಹಂತದಲ್ಲಿ ಕಂಬಳಿಯೇ ಹುಳುವಿಗೆ ಗುರಾಣಿ. ಔಷಧಿ ಮೈಗೆ ಸರಿಯಾಗಿ ತಾಗುವುದಿಲ್ಲ. ಆ ಹಿರಿಯರ ಹೊಲದಲ್ಲಿ ಆದದ್ದು ಇದೇ. ಹಿಂದೆ ಎರಚುತ್ತಿದ್ದ ಬಿಎಚ್‌ಸಿ ಪುಡಿಗೆ 1997ರಿಂದ ನಿಷೇಧವಿದೆ. ಹಳೆಯ ಪುಡಿ ಎಲ್ಲಿಯಾದರೂ ಉಳಿದಿದ್ದರೆ ಬಳಸಬಾರದು. ಬೇರೆ ಔಷಧಿ ಬೇಕೆನಿಸಿದರೆ ಹುಳುವನ್ನು ಡಬ್ಬಿಯಲ್ಲಿ ತಂದು ರೈತ ಸಂಪರ್ಕ ಕೇಂದ್ರದಲ್ಲಿ ತೋರಿಸಿ, ಕೇಳಿಯೇ ಕೊಳ್ಳಿ.

ಇನ್ನೊಂದು ಮಾತು. ಮಳೆಗಾಲದ ಮುಂದೆ ಬರುವ ಜುಟ್ಟಿನ ಚಾತಕ ಪಕ್ಷಿಯನ್ನು ತಾವು ಬಲ್ಲಿರಿ. ಬೇರೆ ಹಕ್ಕಿ ಹೇಸುವ ಕಂಬಳಿಹುಳುವನ್ನು ಅದು ಒಲಿದು ತಿನ್ನುತ್ತದೆ. ಕಂಡಕಂಡಲ್ಲಿ ವಿಷ ಹೊಡೆದರೆ ಕೂಲಿ ಕೇಳದೆ ದುಡಿಯುವ ಈ ಆಳನ್ನೂ ಕಳೆದುಕೊಳ್ಳುತ್ತೇವೆ.

ಆದ್ದರಿಂದ ಈ ಸಲ ಮುಂಗಾರು ಬಿದ್ದಾಗ ದೀಪಕ್ಕೆ ಬಂದ ಪತಂಗವನ್ನು ಒಮ್ಮೆ ನೋಡಿ. ಬಿಳಿ ರೆಕ್ಕೆ, ಅಂಚಿನಲ್ಲಿ ಹಳದಿ ಪಟ್ಟಿ ಇದ್ದರೆ ಅದೇ ರಾತ್ರಿ ನೆರೆಯವರಿಗೆ ತಿಳಿಸಿ. ಮರುದಿನ ವಾಚನಾಲಯದ ಹಲಗೆಯ ಮೇಲೆ ‘ಪತಂಗ ಬಂದಿದೆ’ ಎಂದು ಬರೆಯಿಸಿ, ಊರಿನ ಎಲ್ಲ ಹೊಲಗಳಲ್ಲಿ ದೀಪ ಹಚ್ಚುವ ಏರ್ಪಾಡು ಮಾಡಿ. ಹುಳು ಕಂಡ ಮೇಲೆ ಖರ್ಚು ಹೆಚ್ಚು, ಫಲ ಕಡಿಮೆ. ಪತಂಗ ಕಂಡಾಗ ಖರ್ಚು ಕಡಿಮೆ, ಫಲ ಹೆಚ್ಚು.