ಗೋಡೆಗಳು ಮಾತನಾಡುವ ಮನೆ

ದೆವ್ವದ ಮನೆಯ ಕಥೆಗೆ ಗಂಭೀರ ಸಾಹಿತ್ಯದ ಪಂಕ್ತಿಯಲ್ಲಿ ಎಲೆ ಹಾಕಲು ನಮಗೆ ಈಗಲೂ ಹಿಂಜರಿಕೆ. ಅದರಲ್ಲೊಂದು ಪ್ರೇಮಪ್ರಸಂಗವೂ ಸೇರಿಕೊಂಡರೆ ಉಪೇಕ್ಷೆ ಮತ್ತಷ್ಟು ಹೆಚ್ಚುತ್ತದೆ. ಸಿಲ್ವಿಯಾ ಮೊರೆನೊ-ಗಾರ್ಸಿಯಾ ಅವರ ‘ಮೆಕ್ಸಿಕನ್ ಗಾಥಿಕ್’ (2020) ಕಾದಂಬರಿಯನ್ನು ನಾನೂ ಇಂಥದೇ ಉದಾಸೀನದಿಂದ ಕೈಗೆತ್ತಿಕೊಂಡೆ. ಓದಿ ಮುಗಿಸಿದ ಮೇಲೆ ನನ್ನನ್ನು ಕಾಡಿದ್ದು ದೆವ್ವವಲ್ಲ, ಆ ಮನೆಯನ್ನು ಕಟ್ಟಿದ ಹಣದ ಮೂಲ.

ಹೊರೇಸ್ ವಾಲ್‌ಪೋಲ್ 1764ರಲ್ಲಿ ‘ದಿ ಕ್ಯಾಸಲ್ ಆಫ್ ಒಟ್ರಾಂಟೊ’ ಪ್ರಕಟಿಸಿದಂದಿನಿಂದ ಗಾಥಿಕ್ ಕಥನಕ್ಕೊಂದು ಪರಿಚಿತ ಚೌಕಟ್ಟಿದೆ: ಹಳೆಯ ಕೋಟೆ, ಪೂರ್ವಜರ ಪಾಪ, ಬಲೆಗೆ ಸಿಲುಕಿದ ತರುಣಿ. ಮೊರೆನೊ-ಗಾರ್ಸಿಯಾ ಈ ಚೌಕಟ್ಟನ್ನು 1950ರ ಮೆಕ್ಸಿಕೊಕ್ಕೆ ಒಯ್ಯುತ್ತಾರೆ. ಹೊಸದಾಗಿ ಮದುವೆಯಾದ ಕ್ಯಾಟಲೀನಾಳಿಂದ ತವರಿಗೆ ಪತ್ರವೊಂದು ಬರುತ್ತದೆ. ಗಂಡ ವಿಷ ಹಾಕುತ್ತಿದ್ದಾನೆ, ಗೋಡೆಗಳಲ್ಲಿ ಯಾರೋ ಮಾತನಾಡುತ್ತಾರೆ ಎಂಬುದು ಅವಳ ದೂರು. ಹಿರಿಯರಿಗೆ ಅವಳ ಮನಸ್ಸಿನ ಸ್ವಾಸ್ಥ್ಯದ ಮೇಲೆ ಅನುಮಾನ. ಅದಕ್ಕಿಂತ ಮಿಗಿಲಾಗಿ ಊರವರ ಬಾಯಿಗೆ ಬೀಳುವ ಭಯ. ಪರಿಶೀಲಿಸಲು ಹೊರಡುವವಳು ಅವಳ ಸೋದರಸಂಬಂಧಿ ನೊಯೆಮಿ. ಸ್ನಾತಕೋತ್ತರ ವ್ಯಾಸಂಗಕ್ಕೆ ತಂದೆಯ ಅನುಮತಿ ದೊರೆಯಬೇಕಾದರೆ ಅವಳು ಈ ಕೆಲಸ ಮುಗಿಸಿ ಬರಬೇಕು. ಮೆಕ್ಸಿಕೊದ ಮಹಿಳೆಯರಿಗೆ ರಾಷ್ಟ್ರೀಯ ಚುನಾವಣೆಗಳಲ್ಲಿ ಮತದಾನದ ಹಕ್ಕು ಸಿಕ್ಕಿದ್ದು 1953ರಲ್ಲಿ ಎಂಬುದನ್ನು ನೆನೆದರೆ, ಅವಳ ಪರಿಸ್ಥಿತಿ ಅರ್ಥವಾಗುತ್ತದೆ.

ಬೆಟ್ಟದ ಮೇಲಿನ ‘ಹೈ ಪ್ಲೇಸ್’ ಬಂಗಲೆ ಬೆಳ್ಳಿ ಗಣಿಯಿಂದ ಸಿರಿವಂತರಾದ ಡಾಯ್ಲ್ ಎಂಬ ಇಂಗ್ಲಿಷ್ ಕುಟುಂಬದ್ದು. ಅಲ್ಲಿ ಊಟದ ಮೇಜಿನಲ್ಲಿ ಮಾತಿಗೆ ನಿಷೇಧ. ಗಿಡ ಬೆಳೆಸಲು ಮಣ್ಣನ್ನೂ ಯುರೋಪಿನಿಂದ ತರಿಸಿದವರು ಅವರು. ಮನೆಯ ಹಿರಿಯ, ಅತಿಥಿಯಾಗಿ ಬಂದ ತರುಣಿಯ ಮೈಬಣ್ಣವನ್ನು ಅಳೆದು, ಶ್ರೇಷ್ಠ ರಕ್ತದ ಕುರಿತು ಪ್ರವಚನ ಕೊಡುತ್ತಾನೆ. ಗೋಡೆಕಾಗದದ ಮೇಲೆ ಹಬ್ಬುವ ಬೂಷ್ಟು ರೋಗದಲ್ಲಿ ಸತ್ತು ಹೆಸರಿಲ್ಲದೆ ಹೂತುಹೋದ ಸ್ಥಳೀಯ ಗಣಿ ಕಾರ್ಮಿಕರನ್ನು ನೆನಪಿಗೆ ತರುತ್ತದೆ. ಬದುಕಿದ್ದಾಗ ಅವರ ಮಾತನ್ನು ಕೇಳಿದವರಿಲ್ಲ. ಕ್ಯಾಟಲೀನಾಳ ಮಾತನ್ನೂ ಕೇಳುವವರಿಲ್ಲ. ಹಾಗಾಗಿಯೇ ಈ ಮನೆಯಲ್ಲಿ ಗೋಡೆಗಳು ಮಾತನಾಡುತ್ತವೆ.

ಇದು ದೂರದೇಶದ ಕಥೆಯೆಂದು ನಾವು ಪುಸ್ತಕ ಮುಚ್ಚಿಡುವಂತಿಲ್ಲ. ಕಾದಂಬರಿಯ ಊರಿಗೆ ಪ್ರೇರಣೆ ಮೆಕ್ಸಿಕೊದ ರಿಯಲ್ ಡೆಲ್ ಮಾಂಟೆ. 1824ರಲ್ಲಿ ಅಲ್ಲಿಯ ಬೆಳ್ಳಿಗಾಗಿ ಬ್ರಿಟಿಷ್ ಕಂಪೆನಿಯೊಂದು ಹುಟ್ಟಿಕೊಂಡಿತು. ಅದನ್ನು ಮುನ್ನಡೆಸಿದವನು ಗಣಿ ಎಂಜಿನಿಯರ್ ಜಾನ್ ಟೇಲರ್. ಭಾರಿ ನಷ್ಟ ಅನುಭವಿಸಿದ ಕಂಪೆನಿ 1849ರಲ್ಲಿ ಹಿಂದೆ ಸರಿಯಿತು. ಅದೇ ಟೇಲರ್ ಹೆಸರಿನ ‘ಜಾನ್ ಟೇಲರ್ ಅಂಡ್ ಸನ್ಸ್’ ಸಂಸ್ಥೆ 1880ರಲ್ಲಿ ಕೋಲಾರದ ಚಿನ್ನದ ಗಣಿಗೆ ಕಾಲಿಟ್ಟಿತು. ಎರಡೂ ಕಡೆಗೆ ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ಗಣಿಗಾರರು ಬಂದರು. ಕೆಜಿಎಫ್‌ನಲ್ಲಿ ಸಾಹೇಬರಿಗೆ ಬಂಗಲೆ ಮತ್ತು ಕ್ಲಬ್ಬುಗಳಿದ್ದವು. ಕೂಲಿಗಳಿಗೆ ಇಕ್ಕಟ್ಟಿನ ಲೈನ್‌ಮನೆಗಳು, ಜೊತೆಗೆ ಕಲ್ಲಿನ ದೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆ. 2001ರಲ್ಲಿ ಗಣಿ ಮುಚ್ಚಿತು. ಸೈನೈಡ್ ದಿಬ್ಬಗಳು ಉಳಿದವು.

ಇನ್ನು ಪ್ರೇಮದ ಮಾತು. ಒರಟು, ನಿಗೂಢ, ದರ್ಪದ ಯಜಮಾನನನ್ನೇ ನಾಯಕನನ್ನಾಗಿಸುವುದು ಈ ಪ್ರಕಾರದ ಹಳೆಯ ರೂಢಿ. 1847ರ ‘ಜೇನ್ ಐರ್’ನ ರಾಚೆಸ್ಟರ್‌ನನ್ನು ನೆನಪಿಸಿಕೊಳ್ಳಬಹುದು. ಇಲ್ಲಿ ಅಂಥ ಯಜಮಾನನೇ ಅಪಾಯ. ನೊಯೆಮಿಯ ಮನಸ್ಸು ಒಲಿಯುವುದು ಅಣಬೆ, ಗಿಡಗಳ ಚಿತ್ರ ಬರೆಯುವ ಸಂಕೋಚದ ಹುಡುಗ ಫ್ರಾನ್ಸಿಸ್‌ನತ್ತ. ಅವನೂ ಆ ಮನೆಯ ಕುಡಿಯೇ. ಹಿರಿಯರು ಮಾಡಿದ ಅನ್ಯಾಯದ ಫಲವನ್ನುಂಡು ಬೆಳೆದವನು ಅದರಿಂದ ಬಿಡಿಸಿಕೊಳ್ಳಬಲ್ಲನೇ ಎಂಬ ಪ್ರಶ್ನೆಯನ್ನು ಈ ಪ್ರೇಮವೇ ಎತ್ತುತ್ತದೆ. ಮನೆ ತನ್ನವರನ್ನು ಪ್ರೀತಿಯ ಹೆಸರಿನಲ್ಲಿ ನುಂಗುತ್ತದೆ; ಫ್ರಾನ್ಸಿಸ್ ಮಾತ್ರ ಅವಳ ಮಾತನ್ನು ನಂಬುತ್ತಾನೆ, ಅವಳನ್ನು ಹೊರಗೆ ಕಳುಹಿಸಲು ನೋಡುತ್ತಾನೆ.

ಹಾಗೆಂದು ಕೃತಿಯಲ್ಲಿ ಕುಂದಿಲ್ಲವೆಂದಲ್ಲ. ಮೊದಲರ್ಧ ನಿಧಾನ, ಕೊನೆಯ ಭಾಗದಲ್ಲಿ ಭೀಭತ್ಸದ ಅಬ್ಬರ ಹೆಚ್ಚು. ಆದರೂ ಪುಸ್ತಕ ಮುಚ್ಚಿದ ಮೇಲೆ ಕ್ಯಾಟಲೀನಾಳ ಪತ್ರ ಮರೆಯಲಾಗದು. ‘ಈ ಮನೆಯಲ್ಲಿ ಏನೋ ಸರಿಯಿಲ್ಲ’ ಎಂದು ತವರಿಗೆ ತಿಳಿಸುವ ಹೆಣ್ಣುಮಗಳು ನಮ್ಮಲ್ಲೂ ಇದ್ದಾಳೆ. ಸ್ವಲ್ಪ ಹೊಂದಿಕೊಂಡು ಹೋಗು ಎಂದು ಉತ್ತರಿಸುವ ಮೊದಲು, ನೊಯೆಮಿಯಂತೆ ಯಾರಾದರೊಬ್ಬರು ಆ ಮನೆಯವರೆಗೆ ಹೋಗಿ ಬರಬೇಕು.