ಸೀಸೆಯ ಮೇಲಿನ ಹೆಸರು, ಸೀಸೆಯೊಳಗಿನ ಜೇನು

ಜೇನುತುಪ್ಪವನ್ನು ಜನ ನಾಲಗೆಗಿಂತ ಮೊದಲು ಕಣ್ಣಿನಿಂದ ಪರೀಕ್ಷಿಸುತ್ತಾರೆ. ಬಣ್ಣ ಎಂಥದು, ಮಂದವಾಗಿದೆಯೇ, ಸೀಸೆಯ ಮೇಲೆ ಯಾವ ಊರಿನ ಹೆಸರಿದೆ ಎಂದು ನೋಡಿದ ಮೇಲೆಯೇ ಕೈ ಜೇಬಿಗೆ ಹೋಗುವುದು. ಹೀಗಾಗಿ ಜೇನಿನ ವ್ಯಾಪಾರದಲ್ಲಿ ಸೀಸೆಗೆ ಅಂಟಿಸುವ ಒಂದು ಚೀಟಿ ಜೇನಿನಷ್ಟೇ ಬೆಲೆಬಾಳುವ ವಸ್ತು.

ಪಿರಿಯಾಪಟ್ಟಣ ತಾಲ್ಲೂಕಿನ ಬೆಟ್ಟದಪುರ ಬಯಲುಸೀಮೆಯೂ ಮಲೆನಾಡೂ ಸಂಧಿಸುವ ಕಡೆ ಇದೆ. ಸಿಡಿಲು ಮಲ್ಲಿಕಾರ್ಜುನನ ಬೆಟ್ಟದ ಸುತ್ತ ಹೊಗೆಸೊಪ್ಪು, ರಾಗಿಯ ಹೊಲಗಳು. ಪಶ್ಚಿಮಕ್ಕೆ ಕೊಡಗಿನ ಕಾಫಿ ತೋಟಗಳು. ತೆಂಕಣಕ್ಕೆ ಹುಣಸೂರು, ಹೆಗ್ಗಡದೇವನಕೋಟೆಗಳ ಕಾಡು. ಈ ಭಾಗದಲ್ಲಿ ಮುಖ್ಯವಾಗಿ ಸಿಗುವ ಜೇನು ಎರಡು ಬಗೆಯದು. ತುಡುವೆ ಜೇನು ಮರದ ಪೊಟರೆಯಲ್ಲಿ ಹಲವು ಹುಟ್ಟುಗಳನ್ನು ಕಟ್ಟುತ್ತದೆ. ಪೆಟ್ಟಿಗೆಯಲ್ಲಿ ಸಾಕಿದರೂ ಒಗ್ಗಿಕೊಳ್ಳುತ್ತದೆ. ಹೆಜ್ಜೇನು ಹಾಗಲ್ಲ. ಎತ್ತರದ ಕೊಂಬೆಗೋ ಬಂಡೆಗೋ ಒಂದೇ ದೊಡ್ಡ ಹುಟ್ಟನ್ನು ಬಯಲಿನಲ್ಲಿ ತೂಗುಬಿಡುವ ಅದನ್ನು ಯಾವ ಪೆಟ್ಟಿಗೆಯೂ ಹಿಡಿದಿಡಲಾರದು.

‘ಕೊಡಗಿನ ಜೇನು’ ಎಂಬ ಹೆಸರು ಬೆಳೆದದ್ದು ತುಡುವೆಯಿಂದ. 1936ರಲ್ಲಿ ವಿರಾಜಪೇಟೆಯಲ್ಲಿ ಜೇನು ಮತ್ತು ಮೇಣ ಉತ್ಪಾದಕರ ಸಹಕಾರ ಸಂಘ ಸ್ಥಾಪನೆಯಾಯಿತು. ಮರುವರ್ಷವೇ, 1937ರಲ್ಲಿ, ಕೃಷಿ ಉತ್ಪನ್ನಗಳಿಗೆ ದರ್ಜೆ ನೀಡಿ ಮುದ್ರೆ ಒತ್ತುವ ಕಾಯ್ದೆ ಬಂತು. ಇಂದಿಗೂ ಕಾಣುವ ಅಗ್‌ಮಾರ್ಕ್ ಮುದ್ರೆಯ ಮೂಲ ಅದೇ. ನೂರಾರು ಮನೆಗಳ ಹಿತ್ತಲಿನ ಜೇನು ಒಂದೆಡೆ ಸೇರಿ, ಸೋಸಿ, ಒಂದೇ ಹೆಸರಿನಲ್ಲಿ ಹೊರಬರುವುದು ಸಹಕಾರದ ಬಲ. ಕೊಳ್ಳುವವನಿಗೆ ಜೇನು ತೆಗೆದವನ ಪರಿಚಯವಿಲ್ಲದಿದ್ದರೂ ನಂಬಿಕೆಗೆ ಒಂದು ಆಧಾರ ಸಿಕ್ಕಿತು.

ಆದರೆ ಹೆಸರಿಗೆ ಬರುವ ಆಯುಷ್ಯ ಹುಳುವಿಗೆ ಬರಲಿಲ್ಲ. 1991–92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತದ ತುಡುವೆ ಕುಟುಂಬಗಳಿಗೆ ತಗುಲಿತು. ಮರಿಹುಳುಗಳು ನೀರು ತುಂಬಿದ ಚೀಲದಂತಾಗಿ ಸತ್ತವು. ಸಾಕಿದ ಕುಟುಂಬಗಳಲ್ಲಿ ಬಹುಪಾಲು ನಾಶವಾಗಿ ಪೆಟ್ಟಿಗೆಗಳು ಬರಿದಾದವು. ಜೇನು ಕಡಿಮೆಯಾಯಿತು, ಹೆಸರಿನ ಬೇಡಿಕೆ ಮಾತ್ರ ಕಡಿಮೆಯಾಗಲಿಲ್ಲ. ಪದಾರ್ಥಕ್ಕಿಂತ ಹೆಸರಿಗೆ ಹೆಚ್ಚು ಗಿರಾಕಿ ಇರುವಾಗಲೇ ಕಲಬೆರಕೆಗೆ ದಾರಿಯಾಗುವುದು.

ಇನ್ನು ಹೆಜ್ಜೇನಿನ ಕಥೆ. ಹುಣಸೂರು, ಹೆಗ್ಗಡದೇವನಕೋಟೆಯ ಕಾಡುಗಳಲ್ಲಿ ಅದನ್ನು ಇಳಿಸುವ ವಿದ್ಯೆ ಜೇನು ಕುರುಬರದು. ಇರುಳಿನಲ್ಲಿ ಹೊಗೆ ಹಾಕಿ, ಎತ್ತರದ ಮರವೇರಿ ಹುಟ್ಟು ಕೊಯ್ಯುವುದು ಜೀವವನ್ನು ಪಣಕ್ಕಿಡುವ ಕೆಲಸ. ಕುಲದ ಹೆಸರಿನಲ್ಲೇ ಜೇನು ಇದ್ದರೂ, ಅವರ ಜೇನು ಬಹುಕಾಲ ಹೆಸರಿಲ್ಲದೆಯೇ ಡಬ್ಬಗಳಲ್ಲಿ ಪೇಟೆ ಸೇರಿತು. ಲ್ಯಾಂಪ್ಸ್ ಎಂದು ಕರೆಯುವ ಗಿರಿಜನ ಸಹಕಾರ ಸಂಘಗಳು ಹುಟ್ಟಿದ್ದು ಈ ಸರಪಳಿಯಲ್ಲಿ ದಲ್ಲಾಳಿಯನ್ನು ದೂರವಿಡಲೆಂದು. 2006ರ ಅರಣ್ಯ ಹಕ್ಕು ಕಾಯ್ದೆ ಜೇನನ್ನು ಕಿರು ಅರಣ್ಯ ಉತ್ಪನ್ನವೆಂದು ಗುರುತಿಸಿ, ಅದರ ಒಡೆತನ ಅರಣ್ಯವಾಸಿಗಳದೆಂದು ಹೇಳಿತು. ಒಡೆತನ ಸಿಕ್ಕರೆ ಸಾಲದು, ಅದು ಸೀಸೆಯ ಮೇಲೂ ಕಾಣಬೇಕು. ಏಕೆಂದರೆ ಹೆಚ್ಚಿನ ಬೆಲೆ ಸಲ್ಲುವುದು ಜೇನಿಗಲ್ಲ, ಹೆಸರಿನ ಒಡೆಯನಿಗೆ.

ಒಳ್ಳೆಯ ಚೀಟಿ ಅಲಂಕಾರವಷ್ಟೇ ಅಲ್ಲ, ಕೊಳ್ಳುವವನಿಗೆ ಪಾಠವೂ ಹೌದು. ಕಾಡಿನ ಹೆಜ್ಜೇನಿನಲ್ಲಿ ನೀರಿನಂಶ ಹೆಚ್ಚು, ಆದ್ದರಿಂದ ಅದು ತೆಳುವಾಗಿರುತ್ತದೆ. ನೂರಕ್ಕೆ 20ರ ಆಸುಪಾಸನ್ನು ಮೀರಿದರೆ ಹುಳಿತು ನೊರೆಬರುವ ಸಂಭವವೂ ಇದೆ. ತಿಳಿಯದವರು ‘ನೀರು ಬೆರೆಸಿದ್ದಾರೆ’ ಎನ್ನುತ್ತಾರೆ. ಮತ್ತೆ ಕೆಲವು ಹೂಗಳ ಜೇನು ತಂಪಿಗೆ ಹರಳುಗಟ್ಟುತ್ತದೆ. ಅದು ಜೇನಿನೊಳಗಿನ ಗ್ಲೂಕೋಸ್‌ನ ಸಹಜ ಗುಣ. ಆಗ ‘ಸಕ್ಕರೆ ಪಾಕ’ ಎಂಬ ಆಪಾದನೆ ಬರುತ್ತದೆ. ಯಾವ ಹುಳು, ಯಾವ ಕಾಡು, ಯಾವ ತಿಂಗಳ ಕೊಯ್ಲು, ಹರಳಾದರೆ ಏನು ಮಾಡಬೇಕು ಎಂಬ ನಾಲ್ಕು ಸಾಲು ಅಚ್ಚಾಗಿದ್ದರೆ ಪ್ರಾಮಾಣಿಕ ಜೇನು ಸುಳ್ಳು ಆಪಾದನೆಯಿಂದ ಪಾರಾಗುತ್ತದೆ.

ಕಣ್ಣಿನ ಪರೀಕ್ಷೆ ಎಷ್ಟು ದುರ್ಬಲವೆಂಬುದು 2020ರಲ್ಲಿ ಗೊತ್ತಾಯಿತು. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ 13 ಹೆಸರುಗಳ ಜೇನನ್ನು ಪರೀಕ್ಷೆಗೆ ಕಳಿಸಿದಾಗ, ಎಲ್ಲ ಪರೀಕ್ಷೆಗಳಲ್ಲೂ ಉತ್ತೀರ್ಣವಾದವು 3 ಮಾತ್ರ. ಅಂದವಾದ ಸೀಸೆ, ನೊಣದ ಚಿತ್ರ, ‘ಶುದ್ಧ’ ಎಂಬ ದಪ್ಪ ಅಕ್ಷರ ಯಾವುದೂ ಸಾಕ್ಷಿಯಾಗಲಿಲ್ಲ.

ನಂಜನಗೂಡು ರಸಬಾಳೆ, ಮೈಸೂರು ವೀಳ್ಯದೆಲೆ, ಕೊಡಗಿನ ಕಿತ್ತಳೆಗಳಿಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ಊರಿನ ಹೆಸರು ಒಬ್ಬ ವ್ಯಾಪಾರಿಯ ಸ್ವತ್ತಲ್ಲ, ಬೆಳೆದವರೆಲ್ಲರ ಸ್ವತ್ತು ಎಂಬುದು ಅದರ ಹಿಂದಿನ ನ್ಯಾಯ. ಜೇನಿನ ವಿಷಯದಲ್ಲೂ ಸಲ್ಲಬೇಕಾದ ನ್ಯಾಯ ಅದೇ. ‘ಕಾಡಿನ ಜೇನು’ ಎಂದು ಬರೆಯುವ ಸೀಸೆ ಯಾವ ಕಾಡು, ಇಳಿಸಿದವರು ಯಾರು ಎಂಬುದನ್ನೂ ಹೇಳಬೇಕು. ಆ ಎರಡು ಪದಗಳಿಗೆ ಚೀಟಿಯಲ್ಲಿ ಹೆಚ್ಚು ಜಾಗವೇನೂ ಬೇಡ.